ಕಣದಲ್ಲಿ ಕುಲ ಕೇಳುವವರು

2017ರ ಅಕ್ಟೋಬರಿನಲ್ಲಿ ರೋಮ್ ನಗರದ ಒಲಿಂಪಿಕೊ ಕ್ರೀಡಾಂಗಣದ ಗ್ಯಾಲರಿಯೊಂದರಲ್ಲಿ ಕೆಲವು ಸ್ಟಿಕ್ಕರುಗಳು ಕಂಡುಬಂದವು. ಅವುಗಳಲ್ಲಿದ್ದುದು ಆನ್ ಫ್ರಾಂಕಳ ಚಿತ್ರ. 1945ರಲ್ಲಿ, ಹದಿನಾರು ತುಂಬುವ ಮೊದಲೇ, ನಾಜಿಗಳ ಯಾತನಾಶಿಬಿರದಲ್ಲಿ ಸತ್ತ ಆ ಬಾಲಕಿಗೆ ರೋಮಾ ಫುಟ್‌ಬಾಲ್ ತಂಡದ ಅಂಗಿಯನ್ನು ತೊಡಿಸಲಾಗಿತ್ತು. ಅಂಟಿಸಿದವರು ಅದೇ ಊರಿನ ಎದುರಾಳಿ ತಂಡವಾದ ಲಾಜಿಯೋದ ಅಭಿಮಾನಿಗಳು. ರೋಮಾ ತಂಡದವರನ್ನು ಹೀಯಾಳಿಸಬೇಕಾದರೆ ಅವರನ್ನು ಯೆಹೂದ್ಯರೆಂದು ಕರೆದರೆ ಸಾಕು ಎಂಬುದು ಇದರ ಹಿಂದಿನ ತರ್ಕ. ಇಟಲಿಯ ಫುಟ್‌ಬಾಲ್ ಮಂಡಳಿ ಮುಂದಿನ ಪಂದ್ಯಗಳಿಗೆ ಮುನ್ನ ಆ ಬಾಲಕಿಯ ದಿನಚರಿಯ ಭಾಗವೊಂದನ್ನು ಓದಿಸಿತು. ಲಾಜಿಯೋಗೆ ದಂಡ ಬಿದ್ದಿತು. ಈ ಪ್ರಸಂಗದಲ್ಲಿ ಹೆಚ್ಚು ಚರ್ಚೆಯಾಗದ ಒಂದು ಸಂಗತಿಯಿದೆ. ಲಾಜಿಯೋ ಅಭಿಮಾನಿಗಳು ಅಂದು ತಮ್ಮ ರೂಢಿಯ ಉತ್ತರ ಗ್ಯಾಲರಿಯಲ್ಲಿರಲಿಲ್ಲ. ಹಿಂದಿನ ಪಂದ್ಯವೊಂದರಲ್ಲಿ ಕಪ್ಪು ಮೈಬಣ್ಣದ ಆಟಗಾರರನ್ನು ಮೂದಲಿಸಿದ್ದಕ್ಕಾಗಿ ಆ ಗ್ಯಾಲರಿಯನ್ನು ಮುಚ್ಚಲಾಗಿತ್ತು. ಕರಿಯರನ್ನು ಹಳಿದು ಒಂದು ಗ್ಯಾಲರಿಯಿಂದ ಹೊರಬಿದ್ದವರು ಮತ್ತೊಂದು ಗ್ಯಾಲರಿಗೆ ಹೋಗಿ ಯೆಹೂದ್ಯರನ್ನು ಹಳಿದರು.

ಯೆಹೂದ್ಯ ದ್ವೇಷ ಮತ್ತು ವರ್ಣದ್ವೇಷಗಳನ್ನು ಬೇರೆಬೇರೆ ಅಧ್ಯಾಯಗಳಲ್ಲಿ ಓದುವ ನಮ್ಮ ಅಭ್ಯಾಸವನ್ನು ಈ ಘಟನೆ ಪ್ರಶ್ನಿಸುತ್ತದೆ. ಆಮ್‌ಸ್ಟರ್‌ಡಾಮಿನ ಅಯಾಕ್ಸ್ ತಂಡ, ಲಂಡನ್ನಿನ ಟಾಟನ್‌ಹ್ಯಾಮ್ ತಂಡಗಳನ್ನು ಯೆಹೂದ್ಯರ ತಂಡಗಳೆಂದು ಗುರುತಿಸುವ ರೂಢಿ ದಶಕಗಳಿಂದ ಇದೆ. ಮೈದಾನದಲ್ಲಿರುವ ಹನ್ನೊಂದು ಮಂದಿಯಲ್ಲಿ ಒಬ್ಬನೂ ಯೆಹೂದ್ಯನಾಗಿರಬೇಕಿಲ್ಲ. ಆದರೂ ಎದುರಾಳಿ ಅಭಿಮಾನಿಗಳು ಅವರನ್ನು ಕಂಡು ಬುಸ್ಸೆಂದು ಸದ್ದು ಮಾಡುತ್ತಾರೆ. ಅದು ವಿಷಾನಿಲದ ಕೋಣೆಗಳ ಸದ್ದಿನ ಅನುಕರಣೆ. ಇಂತಹ ಸದ್ದು ಕೇಳಿಬಂದ ನೆದರ್ಲೆಂಡ್ಸ್ ದೇಶದಲ್ಲಿ ಯುದ್ಧಕಾಲದಲ್ಲಿ ಯೆಹೂದ್ಯರ ಮುಕ್ಕಾಲು ಪಾಲು ಜನ ಹತರಾದರು. ಇಂಟರ್ ಮತ್ತು ಬೊಲೊನ್ಯ ತಂಡಗಳಿಗೆ ಇಟಲಿಯ ಚಾಂಪಿಯನ್ ಪಟ್ಟ ಗೆಲ್ಲಿಸಿಕೊಟ್ಟಿದ್ದ ಹಂಗೇರಿಯ ತರಬೇತುದಾರ ಆರ್ಪಾಡ್ ವೈಸ್, ಮುಸೊಲಿನಿಯ 1938ರ ಜನಾಂಗ ಕಾನೂನುಗಳಿಂದಾಗಿ ಇಟಲಿಯನ್ನು ಬಿಟ್ಟು ಇದೇ ನೆದರ್ಲೆಂಡ್ಸ್‌ಗೆ ಬಂದು ನೆಲೆಸಿದ್ದ. ಅಲ್ಲಿಂದ ಹಿಡಿದೊಯ್ಯಲ್ಪಟ್ಟು 1944ರಲ್ಲಿ ಆಶ್‌ವಿಟ್ಸ್‌ನಲ್ಲಿ ಅಳಿದ. ಎಷ್ಟು ಗೆದ್ದರೂ ಅವನ ಕುಲವೇ ಕೊನೆಯ ಪ್ರಶ್ನೆಯಾಗಿ ಉಳಿಯಿತು.

ಇದಕ್ಕೂ ಹಿಂದಿನ ಕಥೆಯೊಂದು ನನ್ನ ಇಂದಿನ ವಾದಕ್ಕೆ ಇನ್ನೂ ಹತ್ತಿರದ್ದು. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಯೆಹೂದ್ಯನ ದೇಹದ ಬಗ್ಗೆ ಒಂದು ಸಿದ್ಧಮಾತು ಚಲಾವಣೆಯಲ್ಲಿತ್ತು: ಅವನು ಪುಸ್ತಕದ ಹುಳು, ಬಡಕಲು, ಹೇಡಿ, ಆಟಕ್ಕೂ ಯುದ್ಧಕ್ಕೂ ಆಗದವನು. ಇದಕ್ಕೆ ಉತ್ತರವಾಗಿ ಮಾಕ್ಸ್ ನೊರ್ದಾವ್ 1898ರಲ್ಲಿ ಮಾಂಸಖಂಡವುಳ್ಳ ಯೆಹೂದ್ಯ ಎಂಬ ಪರಿಕಲ್ಪನೆಯನ್ನು ಮುಂದಿಟ್ಟ. 1909ರಲ್ಲಿ ವಿಯೆನ್ನಾದಲ್ಲಿ ಹಕೋಆ ಎಂಬ ಕ್ರೀಡಾಸಂಘ ಹುಟ್ಟಿತು. ಹೀಬ್ರೂ ಭಾಷೆಯ ಆ ಪದಕ್ಕೆ ಶಕ್ತಿ ಎಂದರ್ಥ. 1925ರಲ್ಲಿ ಅದು ಆಸ್ಟ್ರಿಯಾದ ಫುಟ್‌ಬಾಲ್ ಚಾಂಪಿಯನ್ ಆಯಿತು. 1938ರಲ್ಲಿ ನಾಜಿಗಳು ವಿಯೆನ್ನಾಕ್ಕೆ ಬಂದಾಗ ಅದನ್ನು ಮುಚ್ಚಿದರು. ಪಂದ್ಯ ಗೆದ್ದು ಅಪವಾದವನ್ನು ಸುಳ್ಳುಮಾಡಬಹುದೆಂದು ನಂಬಿದವರು ಪಂದ್ಯವನ್ನೇನೋ ಗೆದ್ದರು; ಅಪವಾದ ಮಾತ್ರ ಅಳಿಯಲಿಲ್ಲ. ದೇಹವನ್ನು ಕುಲದ ಗುರುತುಚೀಟಿಯಾಗಿ ಓದುವ ಕಣ್ಣು ಸೋತರೂ ಅದನ್ನೇ ಓದುತ್ತದೆ, ಗೆದ್ದರೂ ಅದನ್ನೇ ಓದುತ್ತದೆ.

ಕನ್ನಡದ ಅಧ್ಯಾಪಕನೊಬ್ಬ ಯುರೋಪಿನ ಫುಟ್‌ಬಾಲ್ ಗ್ಯಾಲರಿಗಳ ಬಗ್ಗೆ ಬರೆಯುವುದೇಕೆ ಎಂದು ಕೇಳುವವರುಂಟು. ಕಣದಲ್ಲಿ ಕುಲ ಕೇಳುವ ದೃಶ್ಯವೊಂದನ್ನು ಸಾವಿರ ವರ್ಷಗಳಿಗೂ ಹಿಂದೆ ಪಂಪನೇ ಕನ್ನಡದಲ್ಲಿ ಬರೆದಿಟ್ಟಿದ್ದಾನೆ ಎಂಬುದು ನನ್ನ ಉತ್ತರ. 'ವಿಕ್ರಮಾರ್ಜುನ ವಿಜಯ'ದ ಅಸ್ತ್ರವಿದ್ಯಾ ಪ್ರದರ್ಶನದ ಸನ್ನಿವೇಶವನ್ನು ಪದವಿ ತರಗತಿಯಲ್ಲಿ ಓದದ ಕನ್ನಡ ವಿದ್ಯಾರ್ಥಿ ಅಪರೂಪ. ರಂಗ ಸಜ್ಜಾಗಿದೆ, ಪ್ರೇಕ್ಷಕರು ನೆರೆದಿದ್ದಾರೆ, ಅರ್ಜುನನ ಕೌಶಲವನ್ನು ಎಲ್ಲರೂ ಮೆಚ್ಚುತ್ತಿದ್ದಾರೆ. ಅಷ್ಟರಲ್ಲಿ ಕರ್ಣ ಬಂದು ಅದೇ ವಿದ್ಯೆಯನ್ನು ತೋರಿ ಅರ್ಜುನನಿಗೆ ಎದುರಾಗುತ್ತಾನೆ. ಆಗ ಎತ್ತಿದ ಪ್ರಶ್ನೆ ಅವನ ಬಾಣದ ಗುರಿಯನ್ನು ಕುರಿತದ್ದಲ್ಲ, ತಾಯಿತಂದೆಯರನ್ನು ಕುರಿತದ್ದು. ಎತ್ತಿದವರು ಗುರುಸ್ಥಾನದಲ್ಲಿದ್ದವರು ಎಂಬುದನ್ನು ಮರೆಯಲಾಗದು. ಗ್ಯಾಲರಿಯ ಕೂಗು ಅನೇಕ ವೇಳೆ ಗ್ಯಾಲರಿಯಲ್ಲಿ ಹುಟ್ಟುವುದಿಲ್ಲ; ಮೇಲಿನ ಪೀಠದಲ್ಲಿ ಹುಟ್ಟಿ ಕೆಳಗಿಳಿಯುತ್ತದೆ.

ಅಲ್ಲಿ ಕರ್ಣನ ಪರವಾಗಿ ನಿಲ್ಲುವವನು ದುರ್ಯೋಧನ. ಶೌರ್ಯವನ್ನು ಬಿಟ್ಟು ಕುಲವೆಂಬುದು ಬೇರೆ ಎಲ್ಲಿದೆ ಎಂಬರ್ಥದ ಅವನ ಮಾತನ್ನು ನಾವು ಭಾಷಣಗಳಲ್ಲಿ, ಪ್ರಬಂಧಗಳಲ್ಲಿ ಧಾರಾಳವಾಗಿ ಬಳಸುತ್ತೇವೆ. ಬಳಸಬೇಕಾದ ಮಾತೇ ಹೌದು. ಆದರೆ ಅದನ್ನು ಆಡಿದವನ ಅಗತ್ಯವನ್ನೂ ನೋಡಬೇಡವೇ? ಅರ್ಜುನನಿಗೆ ಸಮನಾದ ಬಿಲ್ಲಾಳು ಅವನಿಗೆ ಬೇಕಾಗಿತ್ತು. ಅಂಗರಾಜ್ಯ ಕೊಟ್ಟಿದ್ದರಲ್ಲಿ ಸ್ನೇಹವೂ ಇತ್ತು, ಲೆಕ್ಕವೂ ಇತ್ತು. ಕುಲವನ್ನು ನಿರಾಕರಿಸಿ ಕೊಟ್ಟ ಆ ಮನ್ನಣೆ ಕುಲದ ಪ್ರಶ್ನೆಯನ್ನು ಅಳಿಸಲಿಲ್ಲ. ಭೀಷ್ಮನಿಗೆ ಸೇನಾಪತಿಯ ಪಟ್ಟ ಕಟ್ಟುವ ಸಂದರ್ಭದಲ್ಲಿ ಅದೇ ಪ್ರಶ್ನೆ ಮತ್ತೆ ಕರ್ಣನ ಎದುರಿಗೆ ಬರುತ್ತದೆ. ರಂಗದಲ್ಲಿ ಅವಮಾನಿಸಿದವರೂ ಅವನ ದೇಹದ ಹಿಂದಿನ ಹುಟ್ಟನ್ನು ನೋಡಿದರು. ಮನ್ನಿಸಿದವನು ಆ ದೇಹದ ಉಪಯೋಗವನ್ನು ನೋಡಿದ. ಅವನನ್ನು ಕರ್ಣನೆಂದೇ ನೋಡಿದವರು ಆ ಸಭೆಯಲ್ಲಿ ಎಷ್ಟು ಮಂದಿ?

ಈ ಪ್ರಶ್ನೆಯನ್ನು ಇಟ್ಟುಕೊಂಡು ನಮ್ಮ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಪ್ರದೇಶಕ್ಕೆ ಬರೋಣ. ಇಲ್ಲಿಯೂ, ನೆರೆಯ ಯಲ್ಲಾಪುರದ ಕಡೆಯೂ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತರಲ್ಪಟ್ಟು, ತಪ್ಪಿಸಿಕೊಂಡೋ ಬಿಡುಗಡೆಗೊಂಡೋ ಘಟ್ಟ ಹತ್ತಿ ಬಂದವರ ಸಂತತಿಯೆಂದು ಇತಿಹಾಸಕಾರರು ಹೇಳುವ ಈ ಸಮುದಾಯದಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ಮನೆಯಲ್ಲಿ ಬಹುಮಟ್ಟಿಗೆ ಕೊಂಕಣಿ, ಹೊರಗೆ ಕನ್ನಡ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಗಳವರಿಗೆ 2020ರಲ್ಲಿ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ಆದರೆ ಸಂವಿಧಾನದ ಪಟ್ಟಿಗಿಂತ ಹದಿನಾರು ವರ್ಷ ಮೊದಲೇ ಸರ್ಕಾರದ ಇನ್ನೊಂದು ಕಣ್ಣು ಸಿದ್ದಿಗಳ ಮೇಲೆ ಬಿದ್ದಿತ್ತು. 1987ರ ಸುಮಾರಿಗೆ, ಮಾರ್ಗರೆಟ್ ಆಳ್ವ ಅವರು ಕೇಂದ್ರದಲ್ಲಿ ಕ್ರೀಡಾ ಖಾತೆಯ ಹೊಣೆ ಹೊತ್ತಿದ್ದ ಅವಧಿಯಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳ ಆಯ್ಕೆಗೆ ತೊಡಗಿತು. ಹಳ್ಳಿಗಳಿಂದ ಮಕ್ಕಳನ್ನು ಆರಿಸಿ ದೂರದ ಊರುಗಳ ಕ್ರೀಡಾ ವಸತಿನಿಲಯಗಳಿಗೆ ಕಳುಹಿಸಲಾಯಿತು. ಗುಜರಾತಿನ ಸಿದ್ದಿಗಳಲ್ಲಿಯೂ ಹುಡುಕಾಟ ನಡೆಯಿತು. ಇದರ ಹಿಂದಿನ ನಂಬಿಕೆ ಗುಟ್ಟಿನದಲ್ಲ. ಒಲಿಂಪಿಕ್ಸ್ ಓಟಗಳಲ್ಲಿ ಆಫ್ರಿಕಾ ಮೂಲದವರು ಗೆಲ್ಲುತ್ತಾರೆ; ಸಿದ್ದಿಗಳು ಆಫ್ರಿಕಾ ಮೂಲದವರು; ಆದ್ದರಿಂದ ಸಿದ್ದಿಗಳು ಭಾರತಕ್ಕೆ ಪದಕ ತರುತ್ತಾರೆ. ತರ್ಕಶಾಸ್ತ್ರದ ಮೊದಲ ಪಾಠ ಕಲಿತವರೂ ಈ ಅನುಮಾನವಾಕ್ಯದ ದೋಷವನ್ನು ಹಿಡಿಯಬಲ್ಲರು.

ಮಾನವಕುಲದ ಆನುವಂಶಿಕ ವೈವಿಧ್ಯ ಅತಿ ಹೆಚ್ಚಾಗಿರುವುದು ಆಫ್ರಿಕಾ ಖಂಡದಲ್ಲಿ. ದೂರದ ಓಟದಲ್ಲಿ ಹೆಸರಾದ ಕೀನ್ಯಾದ ಓಟಗಾರರಲ್ಲಿ ಬಹುಪಾಲು ರಿಫ್ಟ್ ಕಣಿವೆಯ ಎತ್ತರದ ನಾಡಿನ ಕಾಲೆಂಜಿನ್ ಜನ. ಸಿದ್ದಿಗಳ ಪೂರ್ವಿಕರಾದರೋ ಹೆಚ್ಚಾಗಿ ಪೂರ್ವ ಮತ್ತು ಆಗ್ನೇಯ ಆಫ್ರಿಕಾದ ಬಾಂಟು ಭಾಷಿಕರು. ಬಂದು ಶತಮಾನಗಳೇ ಕಳೆದಿವೆ, ಇಲ್ಲಿನವರೊಡನೆ ರಕ್ತಸಂಬಂಧಗಳೂ ಬೆಳೆದಿವೆ. ಕೀನ್ಯಾದವನ ಓಟವನ್ನು ಹಳಿಯಾಳದ ಸಿದ್ದಿಯ ಕಾಲಿಗೆ ಕಟ್ಟುವುದು, ಪಂಜಾಬಿನ ಕುಸ್ತಿಪಟುವನ್ನು ತೋರಿಸಿ ತುಳುನಾಡಿನ ಮಗುವನ್ನು ಗರಡಿಗೆ ಎಳೆದೊಯ್ದಂತೆ. ದಿನವೂ ಮೈಲಿಗಟ್ಟಲೆ ಕಾಡುದಾರಿ ತುಳಿದು ಶಾಲೆಗೆ ಬರುವುದರಿಂದ ಕಾಲು ಗಟ್ಟಿಯಾಗುತ್ತದೆ ಎನ್ನುವುದಾದರೆ ಜೋಯಿಡಾದ ಕುಣಬಿ ಮಕ್ಕಳೂ ಮುಂಡಗೋಡದ ಗೌಳಿ ಮಕ್ಕಳೂ ಅದೇ ದಾರಿಯನ್ನೇ ತುಳಿಯುತ್ತಾರೆ. ಸಿದ್ದಿ ಮಗುವಿನ ವಿಷಯದಲ್ಲಿ ಮಾತ್ರ ನಮಗೆ ದಾರಿ ಕಾಣುವುದಿಲ್ಲ, ರಕ್ತ ಕಾಣುತ್ತದೆ.

ಯೋಜನೆಯಿಂದ ಒಳಿತಾಗಲಿಲ್ಲವೆಂದು ಹೇಳಿದರೆ ಅದು ಅಪ್ರಾಮಾಣಿಕವಾದೀತು. ಹರ್ಡಲ್ಸ್ ಓಟದಲ್ಲಿ ರಾಷ್ಟ್ರಮಟ್ಟಕ್ಕೇರಿದ ಕಮಲಾ ಬಾಬು ಸಿದ್ದಿಯವರಂತಹ ಸಾಧಕರು ಅದರಿಂದ ಬಂದರು. ಕ್ರೀಡಾ ಮೀಸಲಿನಡಿ ಕೆಲವರಿಗೆ ಸರ್ಕಾರಿ ನೌಕರಿ ದೊರೆಯಿತು. ಹೊಲವಿಲ್ಲದ, ಕಾಡಿನ ಹಕ್ಕೂ ಇಲ್ಲದ ಮನೆಗಳಿಗೆ ಅದು ಪದಕಕ್ಕಿಂತ ದೊಡ್ಡದು. ಆದರೆ 1990ರ ದಶಕದ ಆರಂಭದಲ್ಲಿ, ಆರೇಳು ವರ್ಷವೂ ತುಂಬುವ ಮೊದಲೇ, ಸಿದ್ದಿಗಳ ಪಾಲಿಗೆ ಯೋಜನೆ ನಿಂತುಹೋಯಿತು. ಓಟಗಾರನೊಬ್ಬ ಪಕ್ವವಾಗಲು ಬೇಕಾದ ಕಾಲವನ್ನೂ ಅದು ಕೊಡಲಿಲ್ಲ. ಅರ್ಧದಲ್ಲಿ ಊರಿಗೆ ಮರಳಿದ ಹದಿಹರೆಯದವರಿಗೆ ಓದಿನ ಕೊಂಡಿ ಕಳಚಿತ್ತು, ಆಟದ ಕೊಂಡಿಯೂ ಕಳಚಿತು. ದುರ್ಯೋಧನನಾದರೂ ಕೊಟ್ಟ ಅಂಗರಾಜ್ಯವನ್ನು ಹಿಂದಕ್ಕೆ ಕೇಳಲಿಲ್ಲ.

ಯೋಜನೆ ಹೋದರೂ ಅದರ ಕಣ್ಣು ಉಳಿದುಕೊಂಡಿತು. ಅದನ್ನು ನಾನು ನನ್ನ ವೃತ್ತಿಯಲ್ಲಿ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಸಿದ್ದಿ ವಿದ್ಯಾರ್ಥಿನಿಯಿದ್ದಳು. ಹಳಗನ್ನಡದ ಸಂಧಿಗಳನ್ನು ಬಿಡಿಸುವುದರಲ್ಲಿ ಅವಳಷ್ಟು ಚುರುಕಾದವರು ಆ ತಂಡದಲ್ಲಿರಲಿಲ್ಲ. ಪ್ರವೇಶದ ದಿನವೇ ಅವಳ ಹೆಸರು ರಿಲೇ ತಂಡದ ಪಟ್ಟಿಗೆ ಸೇರಿತ್ತು. ಓಡಬಲ್ಲೆಯಾ ಎಂದು ಯಾರೂ ಕೇಳಿರಲಿಲ್ಲ. ಅಂತರ ಕಾಲೇಜು ಕ್ರೀಡಾಕೂಟದಲ್ಲಿ ಅವಳು ನಾಲ್ಕನೆಯವಳಾಗಿ ಬಂದಾಗ ಅಧ್ಯಾಪಕರ ಕೊಠಡಿಯಲ್ಲಿ ಕೇಳಿದ ಮಾತು: "ಸಿದ್ದಿ ಆಗಿ ಓಡೋಕೂ ಬರಲ್ವಲ್ಲ!" ಆಡಿದವರು ದುಷ್ಟರಲ್ಲ, ಅವಳ ಶುಲ್ಕಕ್ಕೆ ಕೈಯಿಂದ ಹಣ ಹಾಕಿದ್ದವರು. ಆ ಮಾತಿನಲ್ಲಿ ಬೈಗುಳವೂ ಇರಲಿಲ್ಲ, ನಿರಾಶೆಯಿತ್ತು. ಉಳಿದ ಮೂವರು ಹುಡುಗಿಯರು ಸೋತರೆ ಅದು ಅವರವರ ಸೋಲು. ಇವಳು ಸೋತರೆ ಒಂದು ಖಂಡದ ಸೋಲು. ಗೆದ್ದಿದ್ದರೂ ಆ ಗೆಲುವು ಅವಳದಾಗುತ್ತಿರಲಿಲ್ಲ, ಅವಳ ರಕ್ತದ್ದಾಗುತ್ತಿತ್ತು. ನಸುಕಿನಲ್ಲೆದ್ದು ಮಾಡಿದ ಅಭ್ಯಾಸ, ಹರಿದ ಬೂಟು, ತಿನ್ನದ ಮೊಟ್ಟೆ ಯಾವುದೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ಹೊಗಳಿಕೆಯ ರೂಪದಲ್ಲಿ ಬರುವ ಭೇದ ಬೈಗುಳದ ರೂಪದಲ್ಲಿ ಬರುವ ಭೇದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ, ಏಕೆಂದರೆ ಅದರ ಮೇಲೆ ದೂರು ಕೊಡಲಾಗುವುದಿಲ್ಲ.

ಹಾಗಾದರೆ ದೇಹಗಳ ನಡುವೆ ವ್ಯತ್ಯಾಸವೇ ಇಲ್ಲವೇ? ಇದೆ. ಜೈನ ಪುರಾಣ ಪರಂಪರೆ ಇದನ್ನು ಬಹಳ ಸಹಜವಾಗಿ ಒಪ್ಪುತ್ತದೆ. ಭರತ ಬಾಹುಬಲಿಯರ ಪ್ರಸಂಗದಲ್ಲಿ ಸೇನೆಗಳು ಕಾದಾಡಿ ಸಾಯುವುದು ಬೇಡವೆಂದು ಮಂತ್ರಿಗಳು ಧರ್ಮಯುದ್ಧವನ್ನು ಸೂಚಿಸುತ್ತಾರೆ: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಯುದ್ಧದ ಬದಲಿಗೆ ಆಟ ಎಂಬ ಕಲ್ಪನೆಗೆ ನಮ್ಮ ಸಾಹಿತ್ಯದಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು. ಭರತನ ಎತ್ತರ 500 ಬಿಲ್ಲು, ಬಾಹುಬಲಿಯದು 525 ಬಿಲ್ಲು ಎಂದು ಪರಂಪರೆ ಲೆಕ್ಕವನ್ನೇ ಕೊಡುತ್ತದೆ. ನೀರೆರಚುವಾಗಲೂ ದಿಟ್ಟಿಸುವಾಗಲೂ ಆ ಎತ್ತರ ಬಾಹುಬಲಿಗೆ ಒದಗಿಬಂತು. ಆದರೆ ಇಬ್ಬರೂ ಒಬ್ಬನೇ ತಂದೆಯ ಮಕ್ಕಳು, ಒಂದೇ ವಂಶ. ಎತ್ತರ ಬಾಹುಬಲಿಯೆಂಬ ವ್ಯಕ್ತಿಯದು, ಇಕ್ಷ್ವಾಕು ಕುಲದ್ದಲ್ಲ. ವ್ಯಕ್ತಿಯ ದೇಹಗುಣವನ್ನು ಕಾಣುವುದು ಒಂದು, ಕುಲದ ದೇಹಗುಣವನ್ನು ಊಹಿಸಿ ವ್ಯಕ್ತಿಯ ಮೇಲೆ ಹೊರಿಸುವುದು ಇನ್ನೊಂದು. ತರಬೇತುದಾರನಿಗೆ ಬೇಕಾದದ್ದು ಮೊದಲನೆಯದು.

ಇಂದು ಈ ಪ್ರದೇಶದ ಮೈದಾನಗಳಲ್ಲಿ ಮತ್ತೆ ಚಟುವಟಿಕೆ ಕಾಣುತ್ತಿದೆ. ಹಳಿಯಾಳ ಮೊದಲಿನಿಂದಲೂ ಕುಸ್ತಿಯ ನೆಲ. ಅಲ್ಲಿ ಸಿದ್ದಿ ಹೆಣ್ಣುಮಕ್ಕಳೂ ಕಣಕ್ಕಿಳಿದು ಹೆಸರು ಮಾಡಿದ್ದಾರೆ. ಮುಂಡಗೋಡದಲ್ಲಿ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಎಂಬ ಸಂಸ್ಥೆ ಓಟಗಾರರಿಗೆ ತರಬೇತಿ ಕೊಡುತ್ತಿದೆ. ಇವು ಮುಚ್ಚಬೇಕೆಂದು ನನ್ನ ವಾದವಲ್ಲ, ಇನ್ನಷ್ಟು ಬರಲಿ. ಕಾಡಂಚಿನ ಮಗುವಿಗೆ ಒಳ್ಳೆಯ ಟ್ರ್ಯಾಕು, ಬೂಟು, ಹೊಟ್ಟೆತುಂಬ ಊಟ ಸಿಗಬೇಕಾದದ್ದು ಅದು ನಾಗರಿಕರ ಮಗು ಎಂಬ ಕಾರಣಕ್ಕೆ. ಪದಕದ ನಿರೀಕ್ಷೆಯ ಮೇಲೆ ಕೊಟ್ಟ ಊಟ ಪದಕ ಬಾರದಿದ್ದಾಗ ನಿಲ್ಲುತ್ತದೆ ಎಂಬುದನ್ನು ಒಮ್ಮೆ ಕಂಡಾಗಿದೆ. ಇಂತಹ ಸಾಧನೆಗಳನ್ನು ವರದಿಮಾಡುವ ಪತ್ರಿಕೆಗಳು 'ಆಫ್ರಿಕಾದ ರಕ್ತ', 'ಹುಟ್ಟು ಓಟಗಾರರು' ಎಂಬ ಪದಪುಂಜಗಳನ್ನು ಕೈಬಿಟ್ಟರೆ ಭಾಷೆಯ ಮಟ್ಟಿಗಾದರೂ ಒಂದು ಹೆಜ್ಜೆ ಇಟ್ಟಂತಾಗುತ್ತದೆ.

ಮುಂಡಗೋಡದಲ್ಲೇ ಈ ಭೇದದ ಇನ್ನೊಂದು ಮುಖವಿದೆ. 1960ರ ದಶಕದಲ್ಲಿ ನೆಲೆಗೊಂಡ ಟಿಬೆಟನ್ ಶಿಬಿರಗಳಲ್ಲಿ ಫುಟ್‌ಬಾಲ್ ಬಹಳ ಪ್ರಿಯವಾದ ಆಟ. ದಲೈ ಲಾಮಾ ಅವರ ತಾಯಿಯ ಹೆಸರಿನ ಪಂದ್ಯಾವಳಿಗಾಗಿ ದೇಶದ ಬೇರೆಬೇರೆ ಶಿಬಿರಗಳ ತಂಡಗಳು ಸೆಣಸುತ್ತವೆ. ಆದರೆ ಟಿಬೆಟ್ ಹೆಸರಿನ ತಂಡಕ್ಕೆ ಫಿಫಾದ ಮಾನ್ಯತೆಯಿಲ್ಲ. 2001ರಲ್ಲಿ ಕೋಪನ್‌ಹೇಗನ್ನಿನಲ್ಲಿ ಅದು ಗ್ರೀನ್‌ಲ್ಯಾಂಡ್ ವಿರುದ್ಧ ಆಡಿ 4-1ರಿಂದ ಸೋತಿತು. ಆ ಸ್ನೇಹಪಂದ್ಯವನ್ನೂ ತಡೆಯಲು ಚೀನಾ ಒತ್ತಡ ತಂದಿತ್ತು. ಒಂದೇ ತಾಲ್ಲೂಕಿನಲ್ಲಿ ಒಬ್ಬನಿಗೆ ನಿನ್ನ ದೇಹ ಆಫ್ರಿಕಾದ್ದು ಎನ್ನುತ್ತೇವೆ, ಇನ್ನೊಬ್ಬನಿಗೆ ಆಡಲು ದೇಶವೇ ಇಲ್ಲ. ಬೆಂಗಳೂರಿಗೆ ಹೋದರೆ ಮೊದಲನೆಯವನನ್ನು ಯಾವ ದೇಶದವನೆಂದು ಕೇಳುತ್ತಾರೆ, ಎರಡನೆಯವನನ್ನು ಚೀನಾದವನೆಂದು ಕೂಗುತ್ತಾರೆ.

ಇವೆಲ್ಲ ಯುರೋಪಿನ ಗ್ಯಾಲರಿಗಳಷ್ಟು ಕ್ರೂರವಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವವರು 2024ರ ಮಾರ್ಚಿನಲ್ಲಿ ನೆರೆಯ ಕೇರಳದಲ್ಲಿ ನಡೆದುದನ್ನು ನೆನೆಯಬೇಕು. ಮಲಪ್ಪುರಂ ಜಿಲ್ಲೆಯ ಅರೀಕೋಡ್ ಬಳಿಯ ಸೆವೆನ್ಸ್ ಪಂದ್ಯವೊಂದರಲ್ಲಿ ಐವರಿ ಕೋಸ್ಟ್ ದೇಶದ ಆಟಗಾರನೊಬ್ಬನನ್ನು ಪ್ರೇಕ್ಷಕರು ಅಟ್ಟಿಸಿಕೊಂಡು ಹೋಗಿ ಥಳಿಸಿದರು. ತನ್ನ ಬಣ್ಣವನ್ನು ಹಳಿದರೆಂದು ಅವನು ಪೊಲೀಸರಿಗೆ ದೂರಿತ್ತ. ಆಫ್ರಿಕಾದ ಆಟಗಾರರು ಆ ಪಂದ್ಯಗಳಿಗೆ ಹಣಕೊಟ್ಟು ಕರೆತಂದ ಆಕರ್ಷಣೆ. ದೇಹವನ್ನು ಮೆಚ್ಚಿ ಕರೆತಂದದ್ದೂ ಅಟ್ಟಿ ಹೊಡೆದದ್ದೂ ಒಂದೇ ಮೈದಾನದಲ್ಲಿ ನಡೆಯಿತು.

ರಂಗಭೂಮಿ ಈ ವಿಷಯದಲ್ಲಿ ಮೈದಾನಕ್ಕಿಂತ ಮುಂದೆ ಹೋಗಿದೆ ಎಂದು ನನಗನ್ನಿಸುತ್ತದೆ. ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ನೀನಾಸಂನ ಒತ್ತಾಸೆಯಿಂದ ಚಿದಂಬರರಾವ್ ಜಂಬೆಯವರು ಸಿದ್ದಿಗಳಿಂದ 'ಕಪ್ಪು ಜನ ಕೆಂಪು ನೆರಳು' ನಾಟಕವನ್ನು ಆಡಿಸಿದಾಗ ಅಲ್ಲಿಯೂ ಆರಿಸಿಕೊಂಡದ್ದು ಆಫ್ರಿಕಾದ ಕಥೆಯನ್ನೇ. ಚಿನುವ ಅಚೆಬೆಯ ಕಾದಂಬರಿಯನ್ನು. ಇದೂ ಮೂಲವನ್ನು ಹುಡುಕುವ ಅದೇ ಕಣ್ಣಲ್ಲವೇ ಎಂದು ಸಂಶೋಧಕರು ಕೇಳಬಹುದು, ಕೇಳಬೇಕು. ಆದರೆ ನಟ ಪಾತ್ರವನ್ನು ತೊಡುತ್ತಾನೆ, ಕಳಚುತ್ತಾನೆ. ಮುಂದೆ ಪರಶುರಾಮ ಸಿದ್ದಿಯವರು ರಾಷ್ಟ್ರೀಯ ನಾಟಕ ಶಾಲೆಗೆ ಹೋದರು. ಗಿರಿಜಾ ಸಿದ್ದಿಯವರು ಹಿಂದೂಸ್ತಾನಿ ಸಂಗೀತ, ರಂಗಗೀತೆಗಳ ಗಾಯಕಿಯಾದರು. ಅವರ ಕಂಠವನ್ನು ಕೇಳುತ್ತಾ ಖಂಡದ ನೆನಪು ಮಾಡಿಕೊಳ್ಳುವ ರಸಿಕರು ನನಗೆ ಸಿಕ್ಕಿಲ್ಲ. ರಿಯಾಜಿನ ಫಲವನ್ನು ರಿಯಾಜಿನ ಫಲವೆಂದೇ ಒಪ್ಪುವ ಸೌಜನ್ಯ ಸಂಗೀತದ ಸಭೆಗೆ ಇದೆ.

ನಮ್ಮ ಕನ್ನಡ ವಿಭಾಗಗಳ ಕ್ಷೇತ್ರಕಾರ್ಯಕ್ಕೂ ಇಲ್ಲಿ ಕೆಲಸವಿದೆ. ಸಿದ್ದಿಗಳ ಹಳ್ಳಿಗೆ ಹೋಗುವ ವಿದ್ಯಾರ್ಥಿಗಳು ಡಮಾಮಿ ಕುಣಿತವನ್ನು, ಕೌದಿಯನ್ನು, ಮದುವೆಯ ಹಾಡನ್ನು ದಾಖಲಿಸಿಕೊಂಡು ಬರುತ್ತಾರೆ. ಪ್ರಶ್ನಾವಳಿಯ ಮೊದಲ ಪ್ರಶ್ನೆ ಸಾಮಾನ್ಯವಾಗಿ ಮೂಲ ಯಾವುದು ಎಂಬುದೇ. 1987ರಲ್ಲಿ ವಸತಿನಿಲಯಕ್ಕೆ ಹೋದ ಮಕ್ಕಳು ಈಗ ಐವತ್ತರ ಆಸುಪಾಸಿನಲ್ಲಿದ್ದಾರೆ. ಆಯ್ಕೆಯ ದಿನ ಏನನ್ನು ಅಳೆದರು, ಅಲ್ಲಿ ಯಾವ ಭಾಷೆಯಲ್ಲಿ ಮಾತಾಡಿಸಿದರು, ಏನು ಉಣಬಡಿಸಿದರು, ಗಾಯವಾದಾಗ ಯಾರು ನೋಡಿಕೊಂಡರು, ಯೋಜನೆ ನಿಂತಿತೆಂಬ ಸುದ್ದಿಯನ್ನು ಯಾರು ಹೇಗೆ ತಿಳಿಸಿದರು, ಊರಿಗೆ ಮರಳಿದ ಮೇಲೆ ಮತ್ತೆ ಶಾಲೆಗೆ ಸೇರಿಸಿಕೊಂಡರೇ ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. ಮುಂದಿನ ಸೆಮಿಸ್ಟರಿನ ಕಿರುಪ್ರಬಂಧಕ್ಕೆ ಹಳಿಯಾಳ, ಮುಂಡಗೋಡ ಕಡೆಯ ಇಬ್ಬರು ವಿದ್ಯಾರ್ಥಿಗಳು ಈ ವಿಷಯವನ್ನು ಆರಿಸಿಕೊಂಡಿದ್ದಾರೆ. ಅವರ ಪ್ರಶ್ನಾವಳಿಯಲ್ಲಿ ಮೂಲದ ಪ್ರಶ್ನೆಯನ್ನು ಕೊನೆಗೆ ಇಡಿಸಿದ್ದೇನೆ. ಉತ್ತರಿಸುವುದೂ ಬಿಡುವುದೂ ಹೇಳುವವರ ಇಷ್ಟ.